ಸೇಂಟ್ ಜೋಸೆಫ್ ನದಿಯ ತಿರುವಿನಲ್ಲಿ

ಅಮೆರಿಕದ ಇಂಡಿಯಾನಾ ರಾಜ್ಯದ ಉತ್ತರದ ಅಂಚಿನಲ್ಲಿ ಸೌತ್ ಬೆಂಡ್ ಎಂಬ ಊರಿದೆ. ಷಿಕಾಗೋ ನಗರದಿಂದ ಪೂರ್ವಕ್ಕೆ ಸುಮಾರು 150 ಕಿ.ಮೀ. ದೂರ. ಸೇಂಟ್ ಜೋಸೆಫ್ ಎಂಬ ನದಿಯು ಪಶ್ಚಿಮಾಭಿಮುಖವಾಗಿ ಹರಿದು ಬಂದು, ಇಲ್ಲಿ ಒಮ್ಮೆಗೇ ಉತ್ತರಕ್ಕೆ ಹೊರಳಿ ಮಿಷಿಗನ್ ಸರೋವರದ ದಾರಿ ಹಿಡಿಯುತ್ತದೆ. ನದಿಯ ಆ ದಕ್ಷಿಣದ ತಿರುವೇ ಊರಿಗೆ ಹೆಸರಾಗಿದೆ. ಜನಸಂಖ್ಯೆ ಒಂದು ಲಕ್ಷಕ್ಕೆ ಸ್ವಲ್ಪ ಹೆಚ್ಚು. 2024ರ ಆಗಸ್ಟಿನಿಂದ 2025ರ ಜನವರಿಯ ಕೊನೆಯವರೆಗೆ ನಾನು ಈ ಊರಿನಲ್ಲಿದ್ದೆ. ನನ್ನ ತಮ್ಮನ ಮಗ ಅಲ್ಲಿ ವೈದ್ಯನಾಗಿದ್ದಾನೆ. "ದೊಡ್ಡಪ್ಪಾರ, ಒಂದು ಸಲ ಬಂದು ಹೋಗ್ರಿ" ಎಂದು ಹತ್ತು ವರ್ಷಗಳಿಂದ ಕರೆಯುತ್ತಿದ್ದ. ಆ ವರ್ಷ ಅವನ ಮಗ ಅದೇ ಊರಿನ ನೋಟರ್ ಡೇಮ್ ವಿಶ್ವವಿದ್ಯಾಲಯವನ್ನು ಸೇರಿದ್ದರಿಂದ, ಆ ನೆಪದಲ್ಲಾದರೂ ಹೋಗಿಬರೋಣವೆಂದು ಹೊರಟೆ.

ಸೌತ್ ಬೆಂಡ್ ಒಂದು ಕಾಲದಲ್ಲಿ ಸ್ಟೂಡಿಬೇಕರ್ ಮೋಟಾರು ಗಾಡಿಗಳ ಊರು. ಕಮ್ಮಾರ ಕುಟುಂಬದ ಸಹೋದರರು 1852ರಲ್ಲಿ ಇಲ್ಲಿ ಕುದುರೆ ಬಂಡಿಗಳನ್ನು ಮಾಡಲಾರಂಭಿಸಿ, ಮುಂದೆ ಮೋಟಾರು ತಯಾರಿಕೆಗೆ ಕೈಹಾಕಿ, ಒಂದು ಶತಮಾನಕ್ಕೂ ಹೆಚ್ಚು ಕಾಲ ಊರಿಗೆ ಅನ್ನ ನೀಡಿದರು. 1963ರ ಡಿಸೆಂಬರಿನಲ್ಲಿ ಆ ಕಾರ್ಖಾನೆ ಮುಚ್ಚಿತು. ಸಾವಿರಾರು ಸಂಸಾರಗಳು ಬೀದಿಗೆ ಬಂದವು. ಮಗ್ಗುಲ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ವೃದ್ಧರಿದ್ದರು. ಅವರ ತಂದೆ ಅದೇ ಕಾರ್ಖಾನೆಯ ಕೆಲಸಗಾರ. ನನ್ನ ಅರೆಬರೆ ಇಂಗ್ಲಿಷಿಗೆ ಹೊಂದಿಕೊಂಡು ಅವರು ನಿಧಾನವಾಗಿ ಮಾತನಾಡುತ್ತಿದ್ದರು. ಆ ವರ್ಷದ ಕ್ರಿಸ್‌ಮಸ್ ಹೇಗೆ ಕಳೆಯಿತೆಂದು ಹೇಳುವಾಗ ಅವರ ದನಿ ತಗ್ಗಿತು. ಮರುಕ್ಷಣವೇ ತಲೆಯೆತ್ತಿ, "ಆದರೆ 1964ರಲ್ಲಿ ನಮ್ಮ ತಂಡ ಮತ್ತೆ ಎದ್ದು ನಿಂತಿತು" ಎಂದರು. ಕಾರ್ಖಾನೆ ಮುಚ್ಚಿದ ದುಃಖಕ್ಕೆ ಚೆಂಡಾಟದ ತಂಡ ಹೇಗೆ ಸಮಾಧಾನವಾದೀತೆಂದು ನನಗೆ ಅಂದು ಅರ್ಥವಾಗಲಿಲ್ಲ.

ನೋಟರ್ ಡೇಮ್ ಕ್ರೈಸ್ತ ಸಂನ್ಯಾಸಿಗಳು ಕಟ್ಟಿದ ವಿದ್ಯಾಸಂಸ್ಥೆ. ಫ್ರಾನ್ಸ್ ದೇಶದಿಂದ ಬಂದ ಎಡ್ವರ್ಡ್ ಸೋರಿನ್ ಎಂಬ ತರುಣ ಪಾದ್ರಿ 1842ರ ನವೆಂಬರಿನಲ್ಲಿ, ಹಿಮ ಬಿದ್ದ ಕಾಡಿನ ನಡುವೆ, ಕೆಲವೇ ಸಹೋದರರೊಡನೆ ಇದಕ್ಕೆ ಅಡಿಗಲ್ಲಿಟ್ಟರು. 1879ರ ಏಪ್ರಿಲಿನಲ್ಲಿ ಮುಖ್ಯ ಕಟ್ಟಡ ಸುಟ್ಟು ಬೂದಿಯಾಯಿತು. ಎದೆಗುಂದದೆ ಅದೇ ವರ್ಷ ಮರಳಿ ಕಟ್ಟಿದರು. ಇಂದು ಆ ಕಟ್ಟಡದ ನೆತ್ತಿಯ ಮೇಲೆ ಚಿನ್ನದ ತಗಡು ಹೊದಿಸಿದ ಗುಮ್ಮಟವಿದೆ, ಅದರ ತುದಿಯಲ್ಲಿ ಮೇರಿ ಮಾತೆಯ ಪ್ರತಿಮೆಯಿದೆ. ಮಠದ ಪ್ರಸಾದನಿಲಯದಲ್ಲಿ ಉಂಡು, ಮಠದ ಪಾಠಶಾಲೆಯಲ್ಲಿ ಅಕ್ಷರ ಕಲಿತ ನನಗೆ ಆ ಆವರಣದಲ್ಲಿ ಅಪರಿಚಿತ ಭಾವ ಬರಲಿಲ್ಲ. ಸಂನ್ಯಾಸಿಗಳು ಬಡವರ ಮಕ್ಕಳಿಗೆ ವಿದ್ಯೆ ಕೊಡಲು ಹೊರಟರೆ ಅದು ಎಲ್ಲಿ ಹೋಗಿ ನಿಲ್ಲುತ್ತದೆಂಬುದನ್ನು ನಾವು ನಮ್ಮ ನಾಡಿನಲ್ಲಿ ಕಂಡಿದ್ದೇವಲ್ಲ. ಥಿಯೋಡೋರ್ ಹೆಸ್‌ಬರ್ಗ್ ಎಂಬ ಪಾದ್ರಿ 1952ರಿಂದ 1987ರವರೆಗೆ, 35 ವರ್ಷ, ಈ ಸಂಸ್ಥೆಯ ಅಧ್ಯಕ್ಷರಾಗಿದ್ದರು. ಅವರ ಕಾಲದಲ್ಲೇ, 1972ರಲ್ಲಿ, ಹೆಣ್ಣುಮಕ್ಕಳಿಗೂ ಪ್ರವೇಶ ದೊರೆಯಿತು.

ಗ್ರಂಥಾಲಯದ ಹೊರಗೋಡೆಯ ಮೇಲೆ 134 ಅಡಿ ಎತ್ತರದ ಒಂದು ಭಿತ್ತಿಚಿತ್ರವಿದೆ. ಯೇಸುಸ್ವಾಮಿ ಎರಡೂ ಕೈಗಳನ್ನು ಮೇಲೆತ್ತಿ ನಿಂತಿದ್ದಾನೆ, ಕೆಳಗೆ ಜ್ಞಾನಿಗಳ ಸಾಲುಗಳಿವೆ. 1964ರಲ್ಲಿ ಪೂರ್ಣಗೊಂಡ ಈ ಚಿತ್ರ ಕ್ರೀಡಾಂಗಣದ ಕಡೆಗೇ ಮುಖ ಮಾಡಿದೆ. ಅಲ್ಲಿಯ ಚೆಂಡಾಟದಲ್ಲಿ ಅಂಕ ಬಂತೆಂದು ತೀರ್ಪುಗಾರನು ಸೂಚಿಸುವುದೂ ಹೀಗೆಯೇ, ಎರಡೂ ಕೈಗಳನ್ನು ಮೇಲೆತ್ತಿ! ಹುಡುಗರು ಆ ಚಿತ್ರಕ್ಕೆ ಆಟದ ಪರಿಭಾಷೆಯ ಅಡ್ಡಹೆಸರನ್ನೇ ಇಟ್ಟಿದ್ದಾರೆ. ಪಾದ್ರಿಗಳೂ ಅದನ್ನು ಕೇಳಿ ನಗುತ್ತಾರಂತೆ. ನಮ್ಮಲ್ಲಾಗಿದ್ದರೆ ಒಂದು ಖಂಡನಾ ಸಭೆಯಾದರೂ ನಡೆಯುತ್ತಿತ್ತು.

ಈ ಆಟದ ವಿಷಯವನ್ನು ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಅಮೆರಿಕನ್ನರು ಫುಟ್‌ಬಾಲ್ ಎನ್ನುವುದು ನಾವು ಬಲ್ಲ ಕಾಲ್ಚೆಂಡಾಟವಲ್ಲ. ಚೆಂಡು ಎರಡು ಕಡೆ ಚೂಪಾಗಿ, ಬಲಿತ ತೆಂಗಿನಕಾಯಿಯ ಆಕಾರದಲ್ಲಿರುತ್ತದೆ. ಅದನ್ನು ಕೈಯಲ್ಲಿ ಹಿಡಿದು ಓಡಬೇಕು, ಇಲ್ಲವೆ ಮುಂದಿರುವ ಜೊತೆಗಾರನಿಗೆ ಎಸೆಯಬೇಕು. ಕಡೆಗೆ ಹನ್ನೊಂದು ಮಂದಿ, ಮೈದಾನ ನೂರು ಗಜ. ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತದೆ, ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ತುದಿ ಮುಟ್ಟಿದರೆ ಆರು ಅಂಕ, ಆಮೇಲೊಂದು ಒದೆತಕ್ಕೆ ಒಂದು ಅಂಕ. ತುದಿ ಮುಟ್ಟಲಾಗದೆಂದು ತೋರಿದಾಗ ದೂರದಿಂದಲೇ ಎರಡು ಕಂಬಗಳ ನಡುವೆ ಚೆಂಡನ್ನು ಒದ್ದು ದಾಟಿಸಿದರೆ ಮೂರು ಅಂಕ. ಇಷ್ಟು ತಿಳಿದರೆ ಸಾಕು. ಉಳಿದ ನಿಯಮಗಳನ್ನು ಮೊಮ್ಮಗ ನನಗೆ ಎರಡು ತಿಂಗಳು ಹೇಳಿಕೊಟ್ಟ. ವ್ಯಾಕರಣದ ಅಪವಾದ ಸೂತ್ರಗಳೂ ಅವುಗಳ ಮುಂದೆ ಸರಳವೆನಿಸಿದವು.

ವಿಶ್ವವಿದ್ಯಾಲಯಗಳ ಹುಡುಗರು ಆಡುವ ಈ ಆಟಕ್ಕೆ ಅಲ್ಲಿ ಇರುವ ಮಾನ್ಯತೆ ನಮ್ಮ ಊಹೆಗೆ ಮೀರಿದ್ದು. ಅದರಲ್ಲೂ ನೋಟರ್ ಡೇಮ್‌ಗೆ ಅದೊಂದು ಕುಲದ ಮಾನದ ಪ್ರಶ್ನೆ. ಐರ್ಲೆಂಡ್, ಇಟಲಿ, ಪೋಲೆಂಡ್‌ಗಳಿಂದ ಹೊಟ್ಟೆಪಾಡಿಗೆ ವಲಸೆ ಬಂದ ಕ್ಯಾಥೊಲಿಕ್ ಬಡವರನ್ನು ಉಳಿದ ಅಮೆರಿಕನ್ನರು ಕೀಳಾಗಿ ಕಾಣುತ್ತಿದ್ದ ಕಾಲವೊಂದಿತ್ತು. 1924ರ ಮೇ ತಿಂಗಳಲ್ಲಿ ಕು ಕ್ಲಕ್ಸ್ ಕ್ಲಾನ್ ಎಂಬ ದ್ವೇಷದ ಪಡೆ ಇದೇ ಸೌತ್ ಬೆಂಡಿನಲ್ಲಿ ಮೆರವಣಿಗೆಗೆ ಬಂದಾಗ ವಿದ್ಯಾರ್ಥಿಗಳು ಬೀದಿಗಿಳಿದು ಎದುರಿಸಿದ್ದರು. ಅದಕ್ಕೂ ಮೊದಲು, 1913ರ ನವೆಂಬರ್ 1ರಂದು, ಯಾರೂ ಲೆಕ್ಕಕ್ಕಿಡದ ಈ ಸಣ್ಣ ಸಂಸ್ಥೆಯ ಹುಡುಗರು ವೆಸ್ಟ್ ಪಾಯಿಂಟಿಗೆ ಹೋಗಿ ಬಲಾಢ್ಯ ಸೈನಿಕ ಅಕಾಡೆಮಿಯ ತಂಡವನ್ನು 35–13ರಿಂದ ಸೋಲಿಸಿದರು. ಚೆಂಡನ್ನು ಮುಂದಕ್ಕೆ ಎಸೆಯುವ ತಂತ್ರವನ್ನು ಅಷ್ಟು ನಿಪುಣವಾಗಿ ಬಳಸಿದ್ದನ್ನು ನೋಡಿ ಪತ್ರಿಕೆಗಳು ಬೆರಗಾದವು. ಅಂದು ಆ ಚೆಂಡುಗಳನ್ನು ಹಿಡಿದ ಕ್ನೂಟ್ ರಾಕ್ನಿ ಮುಂದೆ ಅಲ್ಲಿಯೇ ಗುರುವಾಗಿ, 1931ರಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡು, ಪುರಾಣಪುರುಷನೇ ಆಗಿಬಿಟ್ಟ. ನೋಟರ್ ಡೇಮಿನ ಕೀರ್ತಿ ಹುಟ್ಟಿದ್ದೇ ಚಿಕ್ಕವರು ದೊಡ್ಡವರನ್ನು ಉರುಳಿಸಿದ ಒಂದು ಮಧ್ಯಾಹ್ನದಿಂದ. ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನು ನೋಡಿದ್ದು ಅದರ ತಿರುಗುಮುರುಗು.

2024ರ ಸೆಪ್ಟೆಂಬರ್ 7, ಶನಿವಾರ. ಆ ವರ್ಷ ತಮ್ಮ ಊರಿನಲ್ಲಿ ನೋಟರ್ ಡೇಮ್ ಆಡುವ ಮೊದಲ ಪಂದ್ಯ. ಹಿಂದಿನ ವಾರ ಟೆಕ್ಸಾಸಿಗೆ ಹೋಗಿ ಗೆದ್ದು ಬಂದಿದ್ದರು. ದೇಶದ ಸ್ಥಾನಪಟ್ಟಿಯಲ್ಲಿ ಐದನೆಯವರಾಗಿದ್ದರು. ಎದುರಾಳಿ ನಾರ್ದರ್ನ್ ಇಲಿನಾಯ್ ವಿಶ್ವವಿದ್ಯಾಲಯ. ಷಿಕಾಗೋದ ಪಶ್ಚಿಮಕ್ಕಿರುವ ಡಿಕಾಲ್ಬ್ ಎಂಬ ಸಣ್ಣ ಊರಿನವರು. ಇಂಥ ಸಣ್ಣ ತಂಡಗಳನ್ನು ದೊಡ್ಡವರು ಹಣ ಕೊಟ್ಟು ಕರೆಸುತ್ತಾರೆ. ಈ ಪಂದ್ಯಕ್ಕೆ ಕೊಟ್ಟದ್ದು 14 ಲಕ್ಷ ಡಾಲರ್. ಬಂದು, ಆಡಿ, ಸೋತು, ಹಣ ಪಡೆದು ಹೋಗುವುದು ಅಲ್ಲಿಯ ವಾಡಿಕೆ. ಸೋಲುವುದಕ್ಕೆ ಸಂಭಾವನೆ ಕೊಡುವ ಈ ಪದ್ಧತಿ ನನ್ನ ಮನಸ್ಸಿಗೆ ಒಗ್ಗಲಿಲ್ಲ. ಆದರೆ ಆ ಹಣದಿಂದಲೇ ಸಣ್ಣ ಸಂಸ್ಥೆಗಳ ಉಳಿದ ಆಟಗಳು ನಡೆಯುತ್ತವೆಂದು ಮೊಮ್ಮಗ ಹೇಳಿದ ಮೇಲೆ ಸುಮ್ಮನಾದೆ. ನೋಟರ್ ಡೇಮ್ ನಾಲ್ಕು ಬಾರಿ ತುದಿ ಮುಟ್ಟುವಷ್ಟು, ಅಂದರೆ 28 ಅಂಕಗಳ ಅಂತರದಿಂದ ಗೆಲ್ಲುವುದೆಂದು ಪಂಡಿತರು ಬರೆದಿದ್ದರು.

ಬೆಳಗಿನ ಪೂಜೆ, ಉಪಾಹಾರ ಮುಗಿಸಿ ಹೊರಟೆವು. ಊರಿಗೆ ಊರೇ ಹಸಿರು ಅಂಗಿ ತೊಟ್ಟು ಹೊರಟಂತಿತ್ತು. ಹುಲ್ಲು ಬಯಲಿನಲ್ಲಿ ಸಾವಿರಾರು ಕಾರುಗಳು. ಅವುಗಳ ಹಿಂಬಾಗಿಲು ತೆರೆದು, ಒಲೆ ಹೂಡಿ, ಮಕ್ಕಳುಮರಿಯೊಂದಿಗೆ ಅಲ್ಲಿಯೇ ಅಡುಗೆ ಊಟ. ಜಾತ್ರೆಗೆ ಬಂದವರು ಬಂಡಿ ಬಿಟ್ಟುಕೊಂಡು ಕೂತ ಹಾಗೆಯೇ. ಮಾಂಸ ಸುಡುವ ಹೊಗೆ ಎಲ್ಲ ಕಡೆಗೂ ಇದ್ದುದರಿಂದ ನಾವು ಗಾಳಿಯ ಮೇಲ್ಬದಿಗೆ ಒಂದು ಮರ ಹುಡುಕಿ, ಸೊಸೆ ಕಟ್ಟಿ ತಂದಿದ್ದ ಚಪಾತಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿಗಳನ್ನು ಅಲ್ಲಿಯೇ ಮುಗಿಸಿದೆವು. ಒಳಗೆ ಬುತ್ತಿ ಒಯ್ಯಲು ಬಿಡುವುದಿಲ್ಲ.

1930ರಲ್ಲಿ ಕಟ್ಟಿದ, ಆಮೇಲೆ ಹಿಗ್ಗಿಸಿದ ಆ ಕ್ರೀಡಾಂಗಣದಲ್ಲಿ 77,622 ಜನ ಕೂರಬಹುದು. ಊರಿನ ಮುಕ್ಕಾಲು ಪಾಲು ಜನಸಂಖ್ಯೆಗೆ ಸಮ. ಇಳಿಹೊತ್ತು ಮೂರೂವರೆಗೆ ಆಟ ಆರಂಭವಾಯಿತು. ನೋಟರ್ ಡೇಮ್ ಮೊದಲು ಏಳು ಅಂಕ ಗಳಿಸಿದಾಗ ಎಲ್ಲರೂ ಎದ್ದು ಕುಣಿದರು. ಸ್ವಲ್ಪ ಹೊತ್ತಿನಲ್ಲೇ ಎದುರಾಳಿಯ ಒಬ್ಬ ಹುಡುಗ ಚೆಂಡು ಹಿಡಿದು 83 ಗಜ ದೂರದ ತುದಿ ಮುಟ್ಟಿಬಿಟ್ಟ. ನಡು ವಿರಾಮಕ್ಕೆ ಅತಿಥಿಗಳು 13, ಮನೆಯವರು 7. ಆಗಲೂ ಯಾರಿಗೂ ಗಾಬರಿಯಿರಲಿಲ್ಲ. ವಿರಾಮದ ನಂತರ 14–13 ಆದಾಗ, "ನೋಡ್ರಿ ಅಜ್ಜಾ, ಇನ್ನ ಶುರು" ಎಂದ ಮೊಮ್ಮಗ. ಆದರೆ ಶುರುವಾಗಲೇ ಇಲ್ಲ. ಸಣ್ಣ ಊರಿನ ಹುಡುಗರು ಅಂಜಲಿಲ್ಲ. ನಾಲ್ಕು ಪ್ರಯತ್ನ, ಹತ್ತು ಗಜ, ಮತ್ತೆ ನಾಲ್ಕು ಪ್ರಯತ್ನ, ಹೀಗೆ ಗಡಿಯಾರವನ್ನು ತಿನ್ನುತ್ತಾ ನಡೆದರು. ಕೊನೆಯ ಭಾಗದಲ್ಲಿ ನೋಟರ್ ಡೇಮಿನವರು ಎಸೆದ ಚೆಂಡೊಂದು ಎದುರಾಳಿಯ ಕೈ ಸೇರಿತು. 31 ಸೆಕೆಂಡುಗಳು ಉಳಿದಿರುವಾಗ ಅವರ ಒದೆಗಾರ 35 ಗಜಗಳಿಂದ ಚೆಂಡನ್ನು ಕಂಬಗಳ ನಡುವೆ ಹಾಯಿಸಿದ. 16–14. ಕಡೆಯ ಕ್ಷಣದಲ್ಲಿ ಮನೆಯವರು 62 ಗಜಗಳಿಂದ ಒದ್ದು ನೋಡಿದರು. ಅದನ್ನು ಎದುರಾಳಿಗಳು ನೆಗೆದು ತಡೆದರು. ಮುಗಿಯಿತು.

ಅಷ್ಟು ಸಾವಿರ ಜನರ ಮೌನವನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಮೌನವನ್ನು ಕೇಳಿದೆನೆಂದರೆ ವಿಚಿತ್ರವಾಗಿ ಕಾಣಬಹುದು, ಆದರೆ ಹಾಗೆಯೇ ಆಯಿತು. ಮೂಲೆಯಲ್ಲಿ ಕೆಂಪು ಅಂಗಿಯ ಕೆಲವೇ ಮಂದಿಯ ಕೇಕೆ ಮಾತ್ರ ಬರುತ್ತಿತ್ತು. ಗೆದ್ದ ತಂಡದ ಗುರು ಥಾಮಸ್ ಹ್ಯಾಮಕ್, ತಾನೂ ಅದೇ ಸಂಸ್ಥೆಯಲ್ಲಿ ಆಡಿದವನು, ಮೈದಾನದ ನಡುವೆ ನಿಂತು ಮಕ್ಕಳಂತೆ ಅತ್ತ. ಮನೆಗೆ ಬಂದ ಮೇಲೆ ಟೆಲಿವಿಷನ್ನಿನಲ್ಲಿ ಅದನ್ನು ಮತ್ತೆ ಮತ್ತೆ ತೋರಿಸಿದರು. ಮೊದಲ ಐದು ಸ್ಥಾನದೊಳಗಿನ ತಂಡವೊಂದನ್ನು ಅವರ ಒಕ್ಕೂಟದ ಯಾವ ತಂಡವೂ ಅದುವರೆಗೆ ಸೋಲಿಸಿರಲಿಲ್ಲವಂತೆ. ಮೊಮ್ಮಗ ಊಟ ಮಾಡದೆ ತನ್ನ ವಿದ್ಯಾರ್ಥಿನಿಲಯಕ್ಕೆ ಹೊರಟುಹೋದ. "ಒಂದು ಆಟಕ್ಕ ಇಷ್ಟ್ಯಾಕ?" ಎಂದು ನಾನು ಕೇಳಬಾರದಿತ್ತು, ಕೇಳಿದೆ. "ಒಂದು ಆಟ ಅಲ್ಲ ದೊಡ್ಡಪ್ಪಾರ, ವರ್ಷಾನ ಹೋತು ಅಂತಾನ ಅಂವ" ಎಂದ ತಮ್ಮನ ಮಗ.

ವರ್ಷವೇ ಹೋಯಿತೆಂದರೆ ಹೇಗೆ? ಇದನ್ನು ತಿಳಿಯಲು ನನಗೆ ಮಗ್ಗುಲ ಮನೆಯ ವೃದ್ಧರ ವರಾಂಡದಲ್ಲಿ ಹಲವು ಸಂಜೆಗಳು ಬೇಕಾದವು. 2024ರಲ್ಲಿ ಮೇಲ್ದರ್ಜೆಯಲ್ಲಿ ಆಡುತ್ತಿದ್ದ ವಿಶ್ವವಿದ್ಯಾಲಯಗಳು 134. ಮೈಮುರಿಯುವ ಆಟವಾದ್ದರಿಂದ ವಾರಕ್ಕೆ ಒಂದೇ ಪಂದ್ಯ, ಋತುವಿಗೆ ಹನ್ನೆರಡು. ಎಲ್ಲರೂ ಎಲ್ಲರೊಡನೆ ಆಡುವ ಮಾತೇ ಇಲ್ಲ. ಹಾಗಾದರೆ ದೇಶಕ್ಕೆ ಮೊದಲಿಗರು ಯಾರು? ಬಹುಕಾಲ ಇದನ್ನು ನಿರ್ಧರಿಸಿದ್ದು ಮೈದಾನವಲ್ಲ, ಮತದಾನ. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ 1936ರಿಂದ ವಾರವಾರವೂ ಪತ್ರಕರ್ತರ ಮತ ಪಡೆದು ಸ್ಥಾನಪಟ್ಟಿ ಪ್ರಕಟಿಸುತ್ತಿದೆ. 1950ರಿಂದ ತರಬೇತುದಾರರ ಪಟ್ಟಿ ಬೇರೆ. ಎರಡು ಪಟ್ಟಿಗಳೂ ಒಪ್ಪದಿದ್ದರೆ ಆ ವರ್ಷ ಇಬ್ಬರು ಚಾಂಪಿಯನ್ನರು. 1997ರಲ್ಲಿ ಮಿಷಿಗನ್ ಮತ್ತು ನೆಬ್ರಾಸ್ಕ ಹಾಗೆಯೇ ಹಂಚಿಕೊಂಡವು. ಋತುವಿನ ಕೊನೆಯಲ್ಲಿ 'ಬೌಲ್' ಎಂಬ ಉತ್ಸವ ಪಂದ್ಯಗಳು ನಡೆಯುತ್ತಿದ್ದರೂ ಅವು ಆಯಾ ಊರಿನವರ ಆಹ್ವಾನದ ಪಂದ್ಯಗಳೇ ಹೊರತು ಮೊದಲಿಗರನ್ನು ಆರಿಸಲು ಏರ್ಪಟ್ಟವಲ್ಲ.

ವೃದ್ಧರ ನೆನಪಿನಲ್ಲಿ ಎರಡು ವರ್ಷಗಳು ಹಸಿಯಾಗಿಯೇ ಇದ್ದವು. ಒಂದು 1966. ಆ ನವೆಂಬರ್ 19ರಂದು ಒಂದನೆಯ ಸ್ಥಾನದ ನೋಟರ್ ಡೇಮ್, ಎರಡನೆಯ ಸ್ಥಾನದ ಮಿಷಿಗನ್ ಸ್ಟೇಟ್ ತಂಡವನ್ನು ಅವರ ಊರಿನಲ್ಲಿ ಎದುರಿಸಿತು. ಇಬ್ಬರೂ ಸೋಲರಿಯದವರು. 10–10 ಸಮವಾಯಿತು. ಕೊನೆಯ ನಿಮಿಷದಲ್ಲಿ ಚೆಂಡು ನೋಟರ್ ಡೇಮಿನ ಕೈಯಲ್ಲಿತ್ತು. ಗೆಲುವಿಗಾಗಿ ಸಾಹಸ ಮಾಡದೆ ಗುರು ಆರಾ ಪಾರ್ಸೇಗಿಯನ್ ಹೊತ್ತು ಕಳೆದ. ಮತದಾರರು ಅವರನ್ನೇ ಮೊದಲಿಗರೆಂದು ಸಾರಿದರು. "ನಾವು ಚಾಂಪಿಯನ್ನರಾದೆವು. ಆದರೆ ಐವತ್ತು ವರ್ಷ ಆ ಮಾತನ್ನು ಜೋರಾಗಿ ಹೇಳಲು ಬಾಯಿ ಬರಲಿಲ್ಲ" ಎಂದರು ವೃದ್ಧರು. ನನಗೆ ಆ ಪ್ರಾಮಾಣಿಕತೆ ಹಿಡಿಸಿತು.

ಇನ್ನೊಂದು 1993. ನವೆಂಬರ್ 13ರಂದು ಇದೇ ಕ್ರೀಡಾಂಗಣದಲ್ಲಿ ಎರಡನೆಯ ಸ್ಥಾನದ ನೋಟರ್ ಡೇಮ್, ಒಂದನೆಯ ಸ್ಥಾನದ ಫ್ಲೋರಿಡಾ ಸ್ಟೇಟನ್ನು 31–24ರಿಂದ ಸೋಲಿಸಿತು. ಒಂದೇ ವಾರ, ನವೆಂಬರ್ 20ರಂದು ಅದೇ ಮೈದಾನದಲ್ಲಿ ಬಾಸ್ಟನ್ ಕಾಲೇಜ್ ಎಂಬ, ಅದೂ ಕ್ಯಾಥೊಲಿಕರದೇ ಆದ, ಸಂಸ್ಥೆಯ ತಂಡ ಕೊನೆಯ ಕ್ಷಣದ ಒದೆತದಿಂದ 41–39ರಲ್ಲಿ ಗೆದ್ದುಬಿಟ್ಟಿತು. ಋತು ಮುಗಿದಾಗ ಫ್ಲೋರಿಡಾ ಸ್ಟೇಟಿಗೂ ಒಂದೇ ಸೋಲು, ನೋಟರ್ ಡೇಮಿಗೂ ಒಂದೇ ಸೋಲು. ಮೇಲಾಗಿ ಇವರು ಅವರನ್ನು ಎದುರುಬದುರು ನಿಂತು ಸೋಲಿಸಿದವರು. ಆದರೂ ಮತದಾರರು ಫ್ಲೋರಿಡಾ ಸ್ಟೇಟನ್ನು ಮೊದಲಿಗರೆಂದರು. ಇವರ ಸೋಲು ಈಚಿನದು, ಅವರ ಸೋಲು ಹಳೆಯದು ಎಂಬುದೇ ಬಹುಮಟ್ಟಿಗೆ ಕಾರಣವಾಯಿತೆಂದು ವೃದ್ಧರ ದೂರು. ಅದನ್ನು ಹೇಳುವಾಗ ಅವರ ಕೈಯ ಚಹಾ ಬಟ್ಟಲು ನಡುಗುತ್ತಿತ್ತು. ವಯಸ್ಸಿನಿಂದಲೋ ಸಿಟ್ಟಿನಿಂದಲೋ ಹೇಳಲಾರೆ.

ಇಂಥ ದೂರುಗಳು ದೇಶದ ತುಂಬ ಇದ್ದುದರಿಂದಲೇ ಪದ್ಧತಿ ಮತ್ತೆ ಮತ್ತೆ ಬದಲಾಯಿತು. 1998ರಿಂದ 2013ರವರೆಗೆ ಮತಗಳನ್ನೂ ಕಂಪ್ಯೂಟರ್ ಲೆಕ್ಕಗಳನ್ನೂ ಬೆರೆಸಿ ಇಬ್ಬರನ್ನು ಆರಿಸಿ ಅಂತಿಮ ಪಂದ್ಯ ಆಡಿಸಿದರು. 2014ರಿಂದ ಒಂದು ಆಯ್ಕೆ ಸಮಿತಿ ಕೂತು ನಾಲ್ವರನ್ನು ಆರಿಸತೊಡಗಿತು. ನಾಲ್ಕಾದರೂ ಐದನೆಯವನ ಕಣ್ಣೀರು ತಪ್ಪಲಿಲ್ಲ. 2023ರಲ್ಲಿ ಅದೇ ಫ್ಲೋರಿಡಾ ಸ್ಟೇಟ್ ಹದಿಮೂರಕ್ಕೆ ಹದಿಮೂರೂ ಗೆದ್ದಿದ್ದರೂ, ಅವರ ಮುಖ್ಯ ಆಟಗಾರ ಕಾಲು ಮುರಿದುಕೊಂಡಿದ್ದಾನೆ, ಈಗ ಆ ತಂಡ ಮೊದಲಿನಂತಿಲ್ಲ ಎಂದು ಸಮಿತಿ ಹೊರಗಿಟ್ಟಿತು. ಗೆದ್ದವನನ್ನು, ಮುಂದೆ ಸೋತಾನೆಂಬ ಊಹೆಯ ಮೇಲೆ ಹಿಂದಕ್ಕೆ ಕೂರಿಸುವುದು ಯಾವ ನ್ಯಾಯಶಾಸ್ತ್ರಕ್ಕೂ ಸಮ್ಮತವಲ್ಲವೆಂದು ನನ್ನ ಅಭಿಪ್ರಾಯ. 2024ರಿಂದ ಹನ್ನೆರಡು ತಂಡಗಳಿಗೆ ಅವಕಾಶವಾಯಿತು. ಒಕ್ಕೂಟಗಳ ಚಾಂಪಿಯನ್ನರಲ್ಲಿ ಮೇಲಿನ ಐವರು, ಉಳಿದ ಏಳು ಮಂದಿ ಸಮಿತಿ ಆರಿಸಿದವರು. ಯಾವ ಒಕ್ಕೂಟಕ್ಕೂ ಸೇರದೆ ಒಂಟಿಯಾಗಿ ನಿಂತಿರುವ ನೋಟರ್ ಡೇಮ್ ಆ ಏಳರಲ್ಲೇ ಬರಬೇಕಿತ್ತು. ನಾರ್ದರ್ನ್ ಇಲಿನಾಯ್‌ಗೆ ಸೋತ ಮೇಲೆ ಅವರು ಪಟ್ಟಿಯಲ್ಲಿ ಹದಿನೆಂಟಕ್ಕೆ ಇಳಿದರು. ಗೆದ್ದವರು ಇಪ್ಪತ್ತೈದನೆಯವರಾಗಿ ಪಟ್ಟಿಗೆ ಹತ್ತಿ, ಮುಂದಿನ ಪಂದ್ಯವನ್ನೇ ತಮ್ಮ ಊರಿನಲ್ಲಿ ಸೋತು, ಬಂದಷ್ಟೇ ಬೇಗ ಇಳಿದುಹೋದರು.

ಆ ಶರತ್ಕಾಲವನ್ನು ಮರೆಯುವಂತಿಲ್ಲ. ನದಿಯ ಎರಡೂ ದಂಡೆಯ ಮರಗಳು ಮೊದಲು ಹಳದಿಯಾಗಿ, ಆಮೇಲೆ ಕೆಂಪಾಗಿ, ಕೊನೆಗೆ ಬೋಳಾದವು. ದಿನವೂ ಬೆಳಿಗ್ಗೆ ಆವರಣದ ಎರಡು ಸರೋವರಗಳ ಸುತ್ತ ನಡೆಯುತ್ತಿದ್ದೆ. 1896ರಲ್ಲಿ ಕಲ್ಲುಬಂಡೆಗಳಿಂದ ಕಟ್ಟಿದ ಒಂದು ಗುಹೆಯಿದೆ, ಲೂರ್ದಿನ ಗುಹೆಯ ಪ್ರತಿರೂಪ. ಅಲ್ಲಿ ಹುಡುಗರು ಪರೀಕ್ಷೆಗೆ ಮೊದಲು ಮೇಣದ ದೀಪ ಹಚ್ಚುತ್ತಾರೆ, ಪಂದ್ಯಕ್ಕೆ ಮೊದಲೂ ಹಚ್ಚುತ್ತಾರೆ. ತಂಡವು ವಾರವಾರವೂ ಗೆಲ್ಲತೊಡಗಿತು. ಒಂದು, ಎರಡು, ಐದು, ಹತ್ತು. ಸೋತ ದಿನ ಗುರು ಮಾರ್ಕಸ್ ಫ್ರೀಮನ್‌ನನ್ನು ತೆಗೆದುಹಾಕಬೇಕೆಂದವರೇ ಈಗ ಅವನನ್ನು ಹೊಗಳತೊಡಗಿದರು. ಆತನ ತಾಯಿ ಕೊರಿಯಾ ದೇಶದವರು, ತಂದೆ ಆಫ್ರಿಕನ್ ಮೂಲದ ಅಮೆರಿಕನ್ ಸೈನಿಕ. ಮೊಮ್ಮಗ ರವಿವಾರಗಳಂದು ಮತ್ತೆ ಊಟಕ್ಕೆ ಬರಲಾರಂಭಿಸಿದ.

ಡಿಸೆಂಬರ್ 20ರ ರಾತ್ರಿ, ಹನ್ನೆರಡು ತಂಡಗಳ ಆ ಹೊಸ ಪದ್ಧತಿಯ ಮೊಟ್ಟಮೊದಲ ಪಂದ್ಯ ಇದೇ ಸೌತ್ ಬೆಂಡಿನಲ್ಲಿ ನಡೆಯಿತು. ಎದುರಾಳಿ ಅದೇ ರಾಜ್ಯದ ಇಂಡಿಯಾನಾ ವಿಶ್ವವಿದ್ಯಾಲಯ. ನೀರು ಹೆಪ್ಪುಗಟ್ಟುವ ಚಳಿ; ನಾನು ಮನೆಯಲ್ಲೇ ಕಂಬಳಿ ಹೊದ್ದು ಟೆಲಿವಿಷನ್ ನೋಡಿದೆ. ಜೆರಮಾಯಾ ಲವ್ ಎಂಬ ಹುಡುಗ ಚೆಂಡು ಹಿಡಿದು 98 ಗಜ, ಅಂದರೆ ಮೈದಾನದ ಈ ತುದಿಯಿಂದ ಆ ತುದಿಗೆ, ಒಂದೇ ಓಟ ಓಡಿದ. ನಮ್ಮ ಬೀದಿಯ ಮನೆಮನೆಗಳಿಂದ ಕೂಗು ಕೇಳಿಸಿತು. 27–17. ಮುಂದೆ ನ್ಯೂ ಆರ್ಲಿಯನ್ಸಿನಲ್ಲಿ ಜಾರ್ಜಿಯಾದ ಮೇಲೆ, ಮಯಾಮಿ ಬಳಿಯಲ್ಲಿ ಪೆನ್ ಸ್ಟೇಟ್ ಮೇಲೆ ಗೆದ್ದು, 2025ರ ಜನವರಿ 20ರಂದು ಅಟ್ಲಾಂಟಾದ ಅಂತಿಮ ಪಂದ್ಯಕ್ಕೆ ನಿಂತರು. ಎದುರಿಗೆ ಒಹಾಯೊ ಸ್ಟೇಟ್. ಆ ತಂಡವೂ ನವೆಂಬರ್ 30ರಂದು ತನ್ನ ಊರಿನಲ್ಲೇ, ಪಟ್ಟಿಯಲ್ಲೇ ಇಲ್ಲದ ಮಿಷಿಗನ್‌ಗೆ 13–10ರಿಂದ ಸೋತು ತಲೆತಗ್ಗಿಸಿದ್ದು!

ಇಲ್ಲಿ ಒಂದು ಮಾತು ಗಮನಿಸಬೇಕು. ಆ ವರ್ಷದ ಸಮಿತಿಯ ಕೊನೆಯ ಪಟ್ಟಿಯಲ್ಲಿ ನೋಟರ್ ಡೇಮ್ ಐದನೆಯದು, ಒಹಾಯೊ ಸ್ಟೇಟ್ ಆರನೆಯದು. ಹಿಂದಿನ ವರ್ಷದ ನಾಲ್ಕರ ಪದ್ಧತಿಯೇ ಇದ್ದಿದ್ದರೆ ಇಬ್ಬರೂ ಮನೆಯಲ್ಲಿರುತ್ತಿದ್ದರು. ಪಂಡಿತರು ಮೇಲೆ ಕೂರಿಸಿದ ನಾಲ್ವರಲ್ಲಿ ಒಬ್ಬರೂ ಅಂತಿಮಕ್ಕೆ ಬರಲಿಲ್ಲ. ಅಂತಿಮ ಪಂದ್ಯದಲ್ಲಿ ಒಹಾಯೊ ಸ್ಟೇಟ್ 34–23ರಿಂದ ಗೆದ್ದಿತು. ಈ ಸಲ ಮೊಮ್ಮಗ ಅಂದು ರಾತ್ರಿಯೇ ಮನೆಗೆ ಬಂದು ರೊಟ್ಟಿ ತಿಂದ. ಸೆಪ್ಟೆಂಬರಿನ ಸೋಲಿಗೂ ಜನವರಿಯ ಸೋಲಿಗೂ ವ್ಯತ್ಯಾಸವೇನೆಂದು ನಾನು ಕೇಳಲಿಲ್ಲ.

ತಿಂಗಳ ಕೊನೆಗೆ ನಾನು ಊರಿಗೆ ಮರಳಿದೆ. 2025ರ ಋತುವಿನಲ್ಲಿ ನೋಟರ್ ಡೇಮ್ ಮೊದಲೆರಡು ಪಂದ್ಯಗಳನ್ನು ಸೋತಿತು. ಮಯಾಮಿಗೆ 27–24, ಟೆಕ್ಸಾಸ್ ಎ ಅಂಡ್ ಎಂ ತಂಡಕ್ಕೆ 41–40. ಎರಡೂ ಕೂದಲೆಳೆಯ ಅಂತರ. ಆಮೇಲಿನ ಹತ್ತನ್ನೂ ಗೆದ್ದಿತು. ವಾರವಾರದ ಪಟ್ಟಿಯಲ್ಲಿ ಸಮಿತಿ ಅವರನ್ನು ಮಯಾಮಿಗಿಂತ ಮೇಲೆಯೇ ಇಟ್ಟಿತ್ತು. ಕೊನೆಯ ವಾರ ಇಬ್ಬರಿಗೂ ಪಂದ್ಯವಿರಲಿಲ್ಲ. ಇಬ್ಬರ ನಡುವೆ ಇದ್ದ ತಂಡವೊಂದು ಸೋತು ಕೆಳಗಿಳಿಯಿತು. ಆಗ ಅಕ್ಕಪಕ್ಕಕ್ಕೆ ಬಂದ ಇವರಿಬ್ಬರನ್ನು ಹೋಲಿಸಿದ ಸಮಿತಿ, ಎದುರುಬದುರು ಆಡಿದಾಗ ಗೆದ್ದವರು ಮಯಾಮಿಯವರಲ್ಲವೇ ಎಂದು ನೆನಪಿಸಿಕೊಂಡು, ಡಿಸೆಂಬರ್ 7ರಂದು ಅವರನ್ನು ಒಳಗೆ, ಇವರನ್ನು ಹೊರಗೆ ಇಟ್ಟಿತು. ಸಿಟ್ಟಾದ ನೋಟರ್ ಡೇಮ್ ಬೌಲ್ ಪಂದ್ಯದ ಆಹ್ವಾನವನ್ನೂ ನಿರಾಕರಿಸಿ ಋತುವನ್ನೇ ಮುಗಿಸಿತು. ಆ ನಿರಾಕರಣೆ ಅವರ ಹಿರಿಮೆಗೆ ತಕ್ಕುದಾಗಿರಲಿಲ್ಲವೆಂದು ನನಗೆ ಈಗಲೂ ಅನಿಸುತ್ತದೆ. ಹದಿನಾರು ಮಾಡಬೇಕು, ಇಪ್ಪತ್ತನಾಲ್ಕು ಮಾಡಬೇಕು ಎಂಬ ವಾದ ಅಲ್ಲಿ ಮತ್ತೆ ಎದ್ದಿತು.

ಈ ಸುದ್ದಿ ತಿಳಿದ ದಿನ ನನಗೆ ಬಹಳ ಹಿಂದಿನ ಒಂದು ಮಧ್ಯಾಹ್ನ ನೆನಪಾಯಿತು. ನಾನು ಪಾಠಶಾಲೆಯಲ್ಲಿ ಅಧ್ಯಾಪಕನಾಗಿದ್ದಾಗ, ಹೆಚ್ಚಿನ ವ್ಯಾಸಂಗಕ್ಕೆ ಕಾಶಿಗೆ ಕಳಿಸಲು ಒಬ್ಬ ವಿದ್ಯಾರ್ಥಿಯನ್ನು ಮೂವರು ಕೂಡಿ ಆರಿಸಬೇಕಿತ್ತು. ಇಬ್ಬರು ಸಮಾನರಿದ್ದರು. ವರ್ಷವಿಡೀ ಒಬ್ಬನೇ ಒಂದು ಹೆಜ್ಜೆ ಮುಂದಿದ್ದವನು. ಆದರೆ ಇಬ್ಬರನ್ನೂ ಎದುರುಬದುರು ಕೂರಿಸಿ ಮಾಡಿಸಿದ ಒಂದೇ ವಾಕ್ಯಾರ್ಥದಲ್ಲಿ ಅವನು ತಡವರಿಸಿದ. ನಾವು ಇನ್ನೊಬ್ಬನನ್ನು ಕಳಿಸಿದೆವು. ತಡವರಿಸಿದವನು ಓದು ಬಿಟ್ಟು ತಂದೆಯ ಕಿರಾಣಿ ಅಂಗಡಿಯಲ್ಲಿ ಕುಳಿತ. ಅವನಿಗೆ ಅಂದು ಜ್ವರವಿತ್ತೆಂದು ಆಮೇಲೆ ಯಾರೋ ಹೇಳಿದರು. ಕಾಶಿಗೆ ಹೋದವನು ಒಳ್ಳೆಯ ವಿದ್ವಾಂಸನಾದ, ಅದರಲ್ಲಿ ಅನುಮಾನವಿಲ್ಲ. ಆದರೂ ಆ ಅಂಗಡಿಯ ಮುಂದೆ ಹಾಯುವಾಗ ನನ್ನ ಹೆಜ್ಜೆ ಇಂದಿಗೂ ಚುರುಕಾಗುತ್ತದೆ.

ಡಿಸೆಂಬರಿನಲ್ಲಿ ಮೊಮ್ಮಗ ಫೋನು ಮಾಡಲಿಲ್ಲ. 2026ರ ಜನವರಿ 20ರ ಬೆಳಿಗ್ಗೆ, ನಾನು ಪೂಜೆ ಮುಗಿಸಿ ಎದ್ದ ಸ್ವಲ್ಪ ಹೊತ್ತಿಗೆ ಮಾಡಿದ. ಅಲ್ಲಿ ಆಗಿನ್ನೂ ಹಿಂದಿನ ರಾತ್ರಿ. ಅಂತಿಮ ಪಂದ್ಯ ಆಗತಾನೇ ಮುಗಿದಿತ್ತು. ಅದೇ ಮಯಾಮಿ, ಕೊನೆಯ ಗಳಿಗೆಯಲ್ಲಿ ಒಳಗೆ ಬಂದ ತಂಡ, ಟೆಕ್ಸಾಸ್ ಎ ಅಂಡ್ ಎಂ, ಒಹಾಯೊ ಸ್ಟೇಟ್, ಓಲ್ ಮಿಸ್ ಮೂವರನ್ನೂ ಸೋಲಿಸಿ ಅಂತಿಮದವರೆಗೆ ಬಂದಿತ್ತು. ಅಲ್ಲಿ 27–21ರಿಂದ ಗೆದ್ದದ್ದು ಇಂಡಿಯಾನಾ ವಿಶ್ವವಿದ್ಯಾಲಯ. ಸೋಲುವುದಕ್ಕೇ ದೇಶದ ತುಂಬ ಹೆಸರಾಗಿದ್ದ ತಂಡ, ಹದಿನಾರಕ್ಕೆ ಹದಿನಾರೂ ಗೆದ್ದು ಮೊದಲ ಬಾರಿ ಚಾಂಪಿಯನ್ ಆಗಿತ್ತು.

"ಅಜ್ಜಾ, ನೀವು ಆ ಸಮಿತಿಯೊಳಗ ಇದ್ದಿದ್ರ ಯಾರನ್ನ ಆರಿಸ್ತಿದ್ರಿ? ಖರೆ ಹೇಳ್ರಿ" ಎಂದ.

"ಮಯಾಮಿನ ಆರಿಸ್ತಿದ್ದೆ, ತಮ್ಮಾ. ಎದುರಿಗೆ ನಿಂತು ಗೆದ್ದಾರ ಅವರು" ಎಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಆತು. ಹಂಗಾರ 1993ರಾಗ ನಮಗ ಆ ನ್ಯಾಯ ಯಾಕ ಹಚ್ಚಲಿಲ್ಲ?" ಎಂದು ಕೇಳಿದ. ಮಗ್ಗುಲ ಮನೆಯ ವೃದ್ಧರ ಬಳಿ ಅವನೂ ಹಲವು ಸಂಜೆ ಕೂತಿದ್ದಾನೆಂದು ತೋರುತ್ತದೆ. ನನಗೆ ಉತ್ತರ ಹೊಳೆಯಲಿಲ್ಲ. ಅಷ್ಟರಲ್ಲಿ ಸೊಸೆ ಅವನ ಕೈಯಿಂದ ಫೋನು ತೆಗೆದುಕೊಂಡು, ಹೊರಗೆ ಮೊಣಕಾಲುದ್ದ ಹಿಮ ಬಿದ್ದಿದೆಯೆಂದೂ, ವೃದ್ಧರ ಮನೆಯ ಮುಂದಿನ ದಾರಿಯನ್ನು ಮಗನೇ ಸಲಿಕೆ ಹಿಡಿದು ಬಿಡಿಸಿ ಬಂದನೆಂದೂ ಹೇಳಿದಳು.